ಮೈಟೊಕಾಂಡ್ರಿಯ ಬಿಟ್ಟು ಬದುಕಿದವು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಸಿಗುತ್ತದೆ. ಅಲ್ಲಿನ ಕೊಟ್ಟಿಗೆಗಳಲ್ಲಿ ರಾಗಿಹುಲ್ಲು ತಿಂದು ಮೆಲುಕು ಹಾಕುವ ಹಸುವಿನ ಮೊದಲ ಹೊಟ್ಟೆಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆ ರಸದ ಒಂದು ಹನಿಯನ್ನು ಬಿಸಿ ಆರುವ ಮೊದಲೇ ಸೂಕ್ಷ್ಮದರ್ಶಕದಡಿ ಇಟ್ಟರೆ, ಕೂದಲಂಥ ಎಳೆಗಳನ್ನು ಬಡಿಯುತ್ತ ಗಿರಗಿರನೆ ಸುತ್ತುವ, ಪಿಷ್ಟದ ಕಣ ನುಂಗುವ ಏಕಕೋಶಜೀವಿಗಳು ಕಾಣುತ್ತವೆ. ಇವು ಬ್ಯಾಕ್ಟೀರಿಯಾಗಳಲ್ಲ, ನಮ್ಮ ಜೀವಕೋಶದ ಹಾಗೆ ಕೋಶಕೇಂದ್ರ ಉಳ್ಳವು. ಆದರೆ ಹೈಸ್ಕೂಲಿನಲ್ಲಿ ‘ಜೀವಕೋಶದ ಶಕ್ತಿಕೇಂದ್ರ’ ಎಂದು ಬಾಯಿಪಾಠ ಮಾಡಿದ ಮೈಟೊಕಾಂಡ್ರಿಯ ಇವುಗಳಲ್ಲಿ ಆ ರೂಪದಲ್ಲಿ ಸಿಗುವುದಿಲ್ಲ.

ಹಲವು ಜೀವಿಗಳಲ್ಲಿ ಅದರ ಜಾಗದಲ್ಲಿರುವುದು ಹೈಡ್ರೊಜೆನೊಸೋಮ್. ಮೈಟೊಕಾಂಡ್ರಿಯವೇ ಗಾಳಿಯಿಲ್ಲದ ಬದುಕಿಗೆ ಒಗ್ಗಿ ಹೀಗಾಗಿದೆ. ಆಮ್ಲಜನಕ ಬಳಸುವುದಿಲ್ಲ, ಹೈಡ್ರೋಜನ್ ಬಿಡುತ್ತದೆ. ಅದನ್ನು ಹೀರಿ ಮೀಥೇನ್ ಮಾಡುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಎಷ್ಟೋ ಸಲ ಅದೇ ಜೀವಿಯ ಮೈಗೆ ಅಂಟಿಕೊಂಡಿರುತ್ತವೆ. ಹಸು ತೇಗಿದಾಗ ಹೊರಬೀಳುವುದು ಈ ಮೀಥೇನ್. ಅದನ್ನು ತಗ್ಗಿಸಲೆಂದೇ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ‘ಹರಿತ್ ಧಾರಾ’ ಎಂಬ ಮೇವಿನ ಪೂರಕ ತಯಾರಿಸಿದೆ.

ಹಸುವಿನ ಹೊಟ್ಟೆಯ ಈ ಜೀವಿಗಳು ಮೈಟೊಕಾಂಡ್ರಿಯದ ವೇಷ ಬದಲಿಸಿದವು. ಅದನ್ನು ಪೂರ್ತಿ ಕೈಬಿಟ್ಟವು ಉಂಟೇ? ಜೀವಕೋಶದೊಳಗೆ ಮೈಟೊಕಾಂಡ್ರಿಯ ಬಂದು ಸೇರುವ ಮೊದಲೇ ಕವಲೊಡೆದ ಪುರಾತನ ಜೀವಿಗಳು ಇಂದಿಗೂ ಇವೆಯೆಂದು 1983ರಲ್ಲಿ ಜೀವವಿಜ್ಞಾನಿ ಟಾಮ್ ಕ್ಯಾವಲಿಯರ್-ಸ್ಮಿತ್ ಊಹಿಸಿದ್ದರು. ಅವರು ಹೆಸರಿಸಿದ ಜಿಯಾರ್ಡಿಯ ಎಂಬ ಏಕಕೋಶಜೀವಿಯಲ್ಲೂ 2003ರಲ್ಲಿ ಮೈಟೊಕಾಂಡ್ರಿಯದ ಪಳೆಯುಳಿಕೆಯಂಥ ಪುಟ್ಟ ಚೀಲ ಸಿಕ್ಕಿತು. ಊಹೆ ಬಿದ್ದುಹೋಯಿತು.

2016ರಲ್ಲಿ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಅನ್ನಾ ಕಾರ್ನ್‌ಕೋವ್ಸ್ಕಾ, ವ್ಲಾಡಿಮಿರ್ ಹಾಂಪ್ಲ್ ಮತ್ತು ಸಂಗಡಿಗರು ಚಿಂಚಿಲ್ಲಾ ಎಂಬ ದಂಶಕದ ಕರುಳಿನಿಂದ ತೆಗೆದ ಮೊನೊಸರ್ಕೊಮೊನಾಯ್ಡಿಸ್ ಎಂಬ ಏಕಕೋಶಜೀವಿಯ ಜೀನೋಮನ್ನು ಓದಿದರು. ಮೈಟೊಕಾಂಡ್ರಿಯದ ಸುಳಿವೇ ಇಲ್ಲ! ಸಕ್ಕರೆ ಒಡೆದು ಶಕ್ತಿ ಪಡೆಯುವ ಕೆಲಸ ಕೋಶರಸದಲ್ಲೇ ನಡೆಯುತ್ತದೆ. ಕರುಳಿನಲ್ಲಿ ಊಟಕ್ಕೇನೂ ಬರವಿಲ್ಲ. ನಿಜವಾದ ತೊಡಕು ಬೇರೆ. ಹಲವು ಪ್ರೋಟೀನುಗಳಿಗೆ ಬೇಕಾದ ಕಬ್ಬಿಣ-ಗಂಧಕದ ಗೊಂಚಲುಗಳನ್ನು ಕಟ್ಟಲು ಸಾಮಾನ್ಯವಾಗಿ ಮೈಟೊಕಾಂಡ್ರಿಯದ ನೆರವು ಬೇಕು. ಈ ಜೀವಿ ಅದಕ್ಕೆ ಬ್ಯಾಕ್ಟೀರಿಯಾಗಳಿಂದ ಬಂದ ‘ಸಫ್’ ಜೀನ್‌ಗಳನ್ನು ಹಚ್ಚಿಕೊಂಡಿದೆ. ಶಕ್ತಿಕೇಂದ್ರ ಹೋದದ್ದಕ್ಕಿಂತ ನನಗೆ ಈ ಎರವಲೇ ಹೆಚ್ಚು ಸೋಜಿಗ. ಹತ್ತಿರದ ಸಂಬಂಧಿಗಳಲ್ಲಿ ಮೈಟೊಕಾಂಡ್ರಿಯದ ಉಳಿಕೆ ಇನ್ನೂ ಇದೆ. ಹಾಗಾಗಿ ಇದು ಹಿಂದುಳಿದ ಜೀವಿಯಲ್ಲ, ಇದ್ದದ್ದನ್ನು ಬಿಟ್ಟ ಜೀವಿ.

ಇದೇ ಕುಲದ ಇನ್ನೊಂದು ಜೀವಿ ಯುರೋಪಿನಲ್ಲಿ ಕಾಕ್‌ಚೇಫರ್ ದುಂಬಿಯ ಮರಿಹುಳುವಿನ ಕರುಳಲ್ಲಿದೆ. ನಮ್ಮ ತೋಟಗಳಲ್ಲಿ ಅಡಿಕೆ ಬೇರು ಕಡಿಯುವ ಗೊಣ್ಣೆಹುಳು ಆ ದುಂಬಿಯ ದಾಯಾದಿ. ಅದರ ಕರುಳಿನಲ್ಲೂ ಇಂಥ ಜೀವಿ ಇದೆಯೇ ಎಂದು ಒಂದು ಹನಿ ತೆಗೆದು ನೋಡಲು ಕಾಲೇಜಿನ ಸೂಕ್ಷ್ಮದರ್ಶಕ ಸಾಕು. ಹಾಸನ, ಅರಸೀಕೆರೆಯ ಜೀವವಿಜ್ಞಾನದ ಮೇಷ್ಟ್ರುಗಳು ಈ ಮಳೆಗಾಲದಲ್ಲಿ ಮಕ್ಕಳಿಂದ ಆ ಕೆಲಸ ಮಾಡಿಸಲಿ.