ತೂಕದ ಮುಳ್ಳು ಕದಲದಿದ್ದರೂ ನಡಿಗೆ ವ್ಯರ್ಥವಲ್ಲ

ಹೊಸ ವರ್ಷದ ಮೊದಲ ವಾರಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಮುಂಜಾನೆ ಕಾಣಿಸುವ ಹೊಸ ಮುಖಗಳಲ್ಲಿ ಅನೇಕವು ಯುಗಾದಿಯ ಹೊತ್ತಿಗೆ ಕಣ್ಮರೆಯಾಗಿರುತ್ತವೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಆರು ವಾರ ಬೆವರು ಸುರಿಸಿದ ಮೇಲೂ ತೂಕದ ಯಂತ್ರ ಹಳೆಯ ಅಂಕಿಯನ್ನೇ ತೋರಿಸಿದರೆ ಎಂಥವರ ಉತ್ಸಾಹವೂ ಕುಗ್ಗುತ್ತದೆ.

ಯಂತ್ರದ ಈ ಮೊಂಡುತನಕ್ಕೆ ಸರಳ ಲೆಕ್ಕವಿದೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಸಂಗ್ರಹವಾಗಿರುತ್ತದೆ. 70 ಕಿಲೋ ತೂಗುವ ವ್ಯಕ್ತಿ ಅರ್ಧ ಗಂಟೆ ಬಿರುಸಾಗಿ ನಡೆದರೆ ವ್ಯಯವಾಗುವುದು ಅಂದಾಜು 150 ಕಿಲೋಕ್ಯಾಲೊರಿ ಮಾತ್ರ. ಊಟದಲ್ಲಿ ಯಾವ ಬದಲಾವಣೆಯೂ ಇಲ್ಲದಿದ್ದರೆ ಒಂದು ಕಿಲೋ ಕರಗಲು 50 ದಿನಗಳಾದರೂ ಬೇಕು. ವಾಯುವಿಹಾರ ಮುಗಿಸಿ ದರ್ಶಿನಿಯಲ್ಲಿ ಮಸಾಲೆ ದೋಸೆ ಸವಿದು ಮನೆಗೆ ಮರಳುವವರ ಲೆಕ್ಕವಂತೂ ಅಂದೇ ತಿರುವುಮುರುವು.

ದೇಹದಲ್ಲಿನ ನೀರಿನ ಪಾತ್ರವೂ ಇದೆ. ಉಪ್ಪಿನ ಊಟ ಮಾಡಿದ ಮರುದಿನ ತೂಕ ಒಂದು ಕಿಲೋ ಹೆಚ್ಚಿದರೂ ಅಚ್ಚರಿಯಿಲ್ಲ. ಹೊಸದಾಗಿ ವ್ಯಾಯಾಮ ಆರಂಭಿಸಿದವರ ಸ್ನಾಯುಗಳು ಹೆಚ್ಚು ಗ್ಲೈಕೊಜೆನ್ ಕೂಡಿಟ್ಟುಕೊಳ್ಳುತ್ತವೆ. ಅದರ ಒಂದೊಂದು ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಮ್ ನೀರು ಸೇರಿಕೊಳ್ಳುತ್ತದೆ. ಕೊಬ್ಬು ಅಲ್ಪಸ್ವಲ್ಪ ಇಳಿದಿದ್ದರೂ ಈ ನೀರು ಅದನ್ನು ಮರೆಮಾಚಬಲ್ಲದು.

ಹಾಗಾದರೆ ತೂಕ ಇಳಿಯದ ವ್ಯಾಯಾಮದಿಂದ ಏನು ಫಲ? ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ನೀಡಿದೆ. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ ಸುಮಾರು ಮೂರು ವರ್ಷ ಗಮನಿಸಲಾಯಿತು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಶೇ. 55ರಷ್ಟು ಮಂದಿ ಮಧುಮೇಹಕ್ಕೆ ತುತ್ತಾದರೆ, ನಡಿಗೆ ಹಾಗೂ ಆಹಾರ ಕ್ರಮ ಪಾಲಿಸಿದವರಲ್ಲಿ ಆ ಪ್ರಮಾಣ ಶೇ. 39ರಷ್ಟಿತ್ತು. ಕುತೂಹಲದ ಸಂಗತಿಯೆಂದರೆ, ಈ ಎರಡನೆಯ ಗುಂಪಿನವರ ತೂಕ ಗಮನಾರ್ಹವಾಗಿ ಇಳಿದಿರಲಿಲ್ಲ!

ಲಂಡನ್ನಿನ ಬಸ್ಸುಗಳ ಕಥೆ ಇನ್ನೂ ಹಳೆಯದು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಎಂದು ಜೆರೆಮಿ ಮಾರಿಸ್ ತಂಡ 1953ರಲ್ಲಿ ತೋರಿಸಿತು. ಚಾಲಕರ ದಪ್ಪವೇ ಇದಕ್ಕೆ ಕಾರಣವಿರಬಹುದೆಂಬ ಶಂಕೆಯಿಂದ ಅವರ ಸಮವಸ್ತ್ರದ ಸೊಂಟದ ಅಳತೆಗಳನ್ನೂ ಪರಿಶೀಲಿಸಲಾಯಿತು. ಚಾಲಕರ ಸೊಂಟ ದೊಡ್ಡದೇ ಇತ್ತು; ಆದರೆ ದಪ್ಪಗಿದ್ದ ನಿರ್ವಾಹಕರಿಗೂ ಮೆಟ್ಟಿಲಿನ ಲಾಭ ದೊರೆತಿತ್ತು.

ಆದ್ದರಿಂದ ಅಳೆಯುವ ಸಾಧನವನ್ನೇ ಬದಲಿಸುವುದು ಜಾಣತನ. ದರ್ಜಿಯ ಟೇಪು ಸಾಕು. ಭಾರತೀಯ ಪುರುಷರ ಸೊಂಟ 90 ಸೆಂ.ಮೀ., ಮಹಿಳೆಯರದ್ದು 80 ಸೆಂ.ಮೀ. ದಾಟಬಾರದೆಂಬುದು ತಜ್ಞರ ಮಿತಿ. ತೂಕ ನೋಡಲೇಬೇಕೆನ್ನುವವರು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿ ತಿಂಗಳ ಸರಾಸರಿಯನ್ನು ಹೋಲಿಸಿಕೊಳ್ಳಬಹುದು. ಮೂರನೇ ಮಹಡಿಗೆ ಏರುವಾಗ ಏದುಸಿರು ತಗ್ಗಿದೆಯೇ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆಯೇ ಎಂಬುದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಗುರುತು ಹಾಕಿಕೊಂಡರೂ ಆದೀತು.

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಹಾಗೂ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಅಷ್ಟು ಸಾಧ್ಯವಾಗದ ದಿನ ಹತ್ತು ನಿಮಿಷ ನಡೆದರೂ ರೂಢಿ ತಪ್ಪುವುದಿಲ್ಲ. ಮಳೆಗಾಲದಲ್ಲಿ ಮನೆಯ ಮೆಟ್ಟಿಲುಗಳಿವೆ. ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ಕಾಯುವ ನೆರೆಯವರೊಬ್ಬರಿದ್ದರಂತೂ ಹಾಸಿಗೆಯಲ್ಲೇ ಉಳಿಯುವುದು ಕಷ್ಟ.

ಶಿಸ್ತು ಪಾಲಿಸಿದ ಮೇಲೂ ತೂಕ ಏರುತ್ತಲೇ ಹೋದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಸ್ಟೀರಾಯ್ಡ್‌ನಂತಹ ಕೆಲವು ಔಷಧಗಳೂ ತೂಕ ಹೆಚ್ಚಿಸುತ್ತವೆ. ನಡೆಯುವಾಗ ಎದೆ ಬಿಗಿದಂತಾದರೆ ಮಾತ್ರ ನಡಿಗೆ ನಿಲ್ಲಿಸಿ, ತಡಮಾಡದೆ ವೈದ್ಯರನ್ನು ಕಾಣಬೇಕು.