ಹೆಬ್ಬೆರಳುದ್ದದ ಸೈನಿಕನಿಗೆ ಬಣ್ಣದ ನೆರಳು

ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಷಾಪ್ ಸಂಸ್ಥೆಯ 'ವಾರ್‌ಹ್ಯಾಮರ್' ಆಟದ ಸೈನಿಕ ಗೊಂಬೆಗಳು ಬಹುಪಾಲು ಹೆಬ್ಬೆರಳಿನಷ್ಟೂ ಎತ್ತರವಿಲ್ಲ. ಇಷ್ಟು ಪುಟ್ಟ ಮೈಮೇಲೆ ಸಹಜ ಬೆಳಕು ಎದ್ದು ಕಾಣುವಂಥ ನೆರಳು ಮೂಡಿಸದು. ನೆರಳನ್ನೂ ಬಣ್ಣದಲ್ಲೇ ಬರೆಯಬೇಕು.

ಮೊದಲು ಪ್ರೈಮರ್, ಅದರ ಮೇಲೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣದ ಎರಡು ತೆಳು ಲೇಪ. ಅವಸರದಿಂದ ದಪ್ಪಗೆ ಬಳಿದರೆ ಕಣ್ಣು, ಮೂಗುಗಳೇ ಮುಚ್ಚಿಹೋಗುತ್ತವೆ. ಬಳಿಕ ನೀರಿನಂಥ ಕಡುಬಣ್ಣದ 'ವಾಷ್' ಹರಿಸಿದರೆ ಅದು ತಾನಾಗಿ ಮಡಿಕೆಗಳಿಗಿಳಿದು ನೆರಳಾಗುತ್ತದೆ. 2019ರಲ್ಲಿ ಬಂದ 'ಕಾಂಟ್ರಾಸ್ಟ್' ಬಣ್ಣ ಎರಡನ್ನೂ ಒಂದೇ ಲೇಪದಲ್ಲಿ ಮುಗಿಸುತ್ತದೆ. ಕೈಚಳಕದ ಸೊಗಸು ಮಾತ್ರ ತುಸು ಕಡಿಮೆಯೇ.

ಕುಂಚದ ತುದಿ ಚೂಪಾಗಿಸಲು ಅದನ್ನು ತುಟಿಗಿಡುವ ಚಾಳಿ ಹಲವರಿಗಿದೆ. ಕ್ಯಾಡ್ಮಿಯಂ ಇರುವ ಬಣ್ಣವಾದರೆ ಅದು ವಿಷವನ್ನೇ ನೆಕ್ಕಿದಂತೆ. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸವೂ ಇರಬಹುದಾದ್ದರಿಂದ ಉಜ್ಜುವಾಗ ಏಳುವ ಧೂಳೂ ಅಪಾಯಕಾರಿಯೇ.