ಸಂಸತ್ತಿನ ಅತಿಥಿಗಳು ಯಾರು? ವಿದೇಶಿ ಸಂಸದೀಯ ನಿಯೋಗವನ್ನು ತರಗತಿಯಲ್ಲಿ ವಿವರಿಸುವ ಬಗೆ

ಬೋಧನಾಭ್ಯಾಸದ ವಾರಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ರಾಜ್ಯಶಾಸ್ತ್ರದ ಪಾಠಗಳನ್ನು ವೀಕ್ಷಿಸುವಾಗ ಒಂದು ವಾಕ್ಯ ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ. ವಿದೇಶದ ಸಂಸದೀಯ ನಿಯೋಗವೊಂದು ಲೋಕಸಭಾಧ್ಯಕ್ಷರನ್ನು ಭೇಟಿಯಾದ ಪತ್ರಿಕಾ ಚಿತ್ರವನ್ನು ಪ್ರಶಿಕ್ಷಣಾರ್ಥಿ ತೋರಿಸುತ್ತಾರೆ. “ಆ ದೇಶದ ಸರ್ಕಾರದವರು ನಮ್ಮ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಳ್ಳಲು ಬಂದಿದ್ದಾರೆ” ಎಂದು ವಿವರಿಸುತ್ತಾರೆ. ಮಕ್ಕಳು ಹಾಗೆಯೇ ಬರೆದುಕೊಳ್ಳುತ್ತಾರೆ. ಪಾಠ ಮುಂದೆ ಸಾಗುತ್ತದೆ.

ವೀಕ್ಷಣಾ ಪುಸ್ತಕದಲ್ಲಿ ಇದನ್ನು ‘ವಿಷಯ ದೋಷ’ ಎಂದು ಗುರುತಿಸಿ ಅರ್ಧ ಅಂಕ ಕಳೆದರೆ ಸಾಲದು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬಾಯಿಪಾಠ ಹೇಳುವ ಮಗುವಿಗೂ ಸಂಸತ್ತು ಬೇರೆ, ಸರ್ಕಾರ ಬೇರೆ ಎನ್ನುವುದು ಮನಸ್ಸಿಗೆ ಇಳಿದಿರುವುದಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮ ಪದ್ಧತಿಯಲ್ಲಿ ಮಂತ್ರಿಗಳು ಸದನದ ಒಳಗೇ ಕೂರುತ್ತಾರೆ, ಟಿ.ವಿ.ಯಲ್ಲಿ ಕಾಣುವವರೂ ಹೆಚ್ಚಾಗಿ ಅವರೇ. ಸಂಸತ್ತು ತನ್ನಷ್ಟಕ್ಕೆ ತಾನೇ ಒಂದು ಸಂಸ್ಥೆಯಾಗಿ ಹೊರಗಿನವರಿಗೆ ಕಾಣಿಸಿಕೊಳ್ಳುವ ಸಂದರ್ಭಗಳು ಕಡಿಮೆ. ವಿದೇಶಿ ಸಂಸದೀಯ ನಿಯೋಗದ ಭೇಟಿ ಅಂಥದೊಂದು ಸಂದರ್ಭ. ಅದನ್ನೂ ಸರ್ಕಾರದ ಲೆಕ್ಕಕ್ಕೆ ಬರೆದುಬಿಟ್ಟರೆ ಆ ವ್ಯತ್ಯಾಸವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ನಮ್ಮ ಕೈಯಲ್ಲಿ ಉಳಿಯುವುದು ಬಹಳ ಸ್ವಲ್ಪ.

ಇಂಥ ನಿಯೋಗ ಬಂದಾಗ ಲೋಕಸಭೆಯಲ್ಲಿ ನಡೆಯುವುದೇನು ಎಂಬುದನ್ನೇ ಮೊದಲು ಹೇಳಬೇಕು. ನಿಯೋಗವನ್ನು ಆಹ್ವಾನಿಸುವುದು ಸಂಸತ್ತು. ಬಂದವರ ನಾಯಕತ್ವ ಸಾಮಾನ್ಯವಾಗಿ ಆ ದೇಶದ ಸದನದ ಅಧ್ಯಕ್ಷರದು. ಅವರ ಜೊತೆಗೆ ಬೇರೆ ಬೇರೆ ಪಕ್ಷಗಳ ಸದಸ್ಯರಿರುತ್ತಾರೆ. ತಮ್ಮ ದೇಶದಲ್ಲಿ ಸರ್ಕಾರವನ್ನು ದಿನವೂ ಟೀಕಿಸುವ ವಿರೋಧ ಪಕ್ಷದವರೂ ಅವರಲ್ಲಿ ಇರಬಹುದು. ಸದನ ಸೇರಿದಾಗ ಸಭಾಧ್ಯಕ್ಷರು ಎದ್ದುನಿಂತು, ಇಂಥ ದೇಶದ ಸಂಸದೀಯ ನಿಯೋಗ ನಮ್ಮ ಅತಿಥಿಯಾಗಿ ಬಂದಿದೆ, ಈಗ ವಿಶೇಷ ಬಾಕ್ಸ್‌ನಲ್ಲಿ ಕುಳಿತಿದೆ ಎಂದು ತಿಳಿಸುತ್ತಾರೆ. ಅವರ ಮೂಲಕ ಆ ದೇಶದ ಸಂಸತ್ತಿಗೂ ಜನರಿಗೂ ಶುಭಾಶಯ ಹೇಳುತ್ತಾರೆ. ಸದಸ್ಯರು ಮೇಜು ಕುಟ್ಟಿ ಸ್ವಾಗತಿಸುತ್ತಾರೆ. ಅಷ್ಟೆ. ಸದನ ತನ್ನ ಕಲಾಪಕ್ಕೆ ಮರಳುತ್ತದೆ.

ಅತಿಥಿಗಳು ಮಾತನಾಡುವುದಿಲ್ಲ. ಅವರು ಸದಸ್ಯರ ಆಸನಗಳ ನಡುವೆ ಕೂರುವಂತೆಯೂ ಇಲ್ಲ. ಇದು ಅಗೌರವವಲ್ಲ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಸದನದಲ್ಲಿ ಮಾತನಾಡುವುದು ಜನ ಆರಿಸಿ ಕಳುಹಿಸಿದವರ ಹಕ್ಕು. ಅದಕ್ಕಿರುವ ವಿನಾಯಿತಿಗಳನ್ನು ಸಂವಿಧಾನವೇ ಎಣಿಸಿ ಹೇಳಿದೆ. 88ನೇ ವಿಧಿಯ ಪ್ರಕಾರ ಅಟಾರ್ನಿ ಜನರಲ್ ಸದಸ್ಯರಲ್ಲದಿದ್ದರೂ ಎರಡೂ ಸದನಗಳಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ಎಷ್ಟೇ ದೊಡ್ಡ ಅತಿಥಿಗೂ ಆ ವಿನಾಯಿತಿ ಇಲ್ಲ. ಹಾಗಾದರೆ 2010ರ ನವೆಂಬರ್ 8ರಂದು ಬರಾಕ್ ಒಬಾಮಾ ಸಂಸದರನ್ನು ಉದ್ದೇಶಿಸಿ ಮಾತನಾಡಲಿಲ್ಲವೇ ಎಂದು ಚುರುಕು ಹುಡುಗನೊಬ್ಬ ಕೇಳಿಯಾನು. ಮಾತನಾಡಿದರು, ಆದರೆ ಸೆಂಟ್ರಲ್ ಹಾಲ್‌ನಲ್ಲಿ. ಅದು ಎರಡೂ ಸದನಗಳ ಸದಸ್ಯರು ಸೇರಿದ್ದ ಸಮಾರಂಭ, ಸದನದ ಕಲಾಪವಲ್ಲ. ಅಲ್ಲದೆ ಒಬಾಮಾ ಬಂದದ್ದು ಕಾರ್ಯಾಂಗದ ಮುಖ್ಯಸ್ಥರಾಗಿ.

ಇಲ್ಲಿಗೆ ಬಂದಾಗ ತರಗತಿಯಲ್ಲಿ ಒಂದು ಪ್ರಶ್ನೆ ಏಳಬೇಕು. ಏಳದಿದ್ದರೆ ಪಾಠ ಎಲ್ಲೋ ಎಡವಿದೆ ಎಂದೇ ನಾನು ತಿಳಿಯುತ್ತೇನೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ನೇರವಾಗಿ ಕೇಳಿದಳು: “ಮಾತಾಡೋ ಹಾಗಿಲ್ಲ, ಸಹಿ ಮಾಡೋ ಹಾಗಿಲ್ಲ ಅಂದ್ಮೇಲೆ ಅಷ್ಟು ದೂರದಿಂದ ಯಾಕೆ ಬರ್ತಾರೆ ಮಿಸ್?” ಪ್ರಶಿಕ್ಷಣಾರ್ಥಿ “ಸ್ನೇಹ ಬೆಳೆಸಲು” ಎಂದರು. ಉತ್ತರ ತಪ್ಪಲ್ಲ, ಆದರೆ ಅದರಿಂದ ಯಾರ ಕುತೂಹಲವೂ ತಣಿಯುವುದಿಲ್ಲ. ನಾನಾದರೆ ಅಲ್ಲಿ ಒಬ್ಬ ಬಡಗಿಯ ಕಥೆ ಹೇಳಿಸುತ್ತೇನೆ.

ವಿಲಿಯಂ ರಾಂಡಲ್ ಕ್ರೆಮರ್ ಇಂಗ್ಲೆಂಡಿನ ಬಡಗಿ, ಕಾರ್ಮಿಕ ಸಂಘದ ಸಂಘಟಕ. 1885ರಲ್ಲಿ ಹೌಸ್ ಆಫ್ ಕಾಮನ್ಸ್‌ಗೆ ಆಯ್ಕೆಯಾದರು. ದೇಶಗಳ ನಡುವಿನ ಜಗಳಗಳನ್ನು ಯುದ್ಧದ ಬದಲು ಮಧ್ಯಸ್ಥಿಕೆಯಿಂದ ತೀರಿಸಬೇಕು ಎಂಬುದು ಅವರ ಹಟ. ಅದು ಬರೀ ಕನಸಾಗಿರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ‘ಅಲಬಾಮಾ’ ಎಂಬ ಹಡಗು ಮಾಡಿದ ಹಾನಿಯ ಬಗ್ಗೆ ಎದ್ದ ವಿವಾದವನ್ನು 1872ರಲ್ಲಿ ಜಿನೀವಾದ ಮಧ್ಯಸ್ಥ ಮಂಡಳಿ ತೀರ್ಮಾನಿಸಿತ್ತು, ಬ್ರಿಟನ್ 1 ಕೋಟಿ 55 ಲಕ್ಷ ಡಾಲರ್ ಪರಿಹಾರ ಕೊಟ್ಟಿತ್ತು. ಒಂದು ಜಗಳಕ್ಕೆ ಆದದ್ದು ಎಲ್ಲ ಜಗಳಗಳಿಗೂ ಏಕೆ ಆಗಬಾರದು ಎಂದು ಕ್ರೆಮರ್ ಕೇಳಿದರು. 230ಕ್ಕೂ ಹೆಚ್ಚು ಬ್ರಿಟಿಷ್ ಸಂಸದರ ಸಹಿ ಹೊತ್ತ ಮನವಿಯನ್ನು ಹಿಡಿದು, ಜೊತೆಯ ಸಂಸದರನ್ನು ಕರೆದುಕೊಂಡು ಅಟ್ಲಾಂಟಿಕ್ ದಾಟಿದರು. 1887ರ ಅಕ್ಟೋಬರ್ 31ರಂದು ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರನ್ನು ಬರಮಾಡಿಕೊಂಡರು.

ಇದು ಸದನವೇ ಕಳುಹಿಸಿದ ಅಧಿಕೃತ ನಿಯೋಗವಾಗಿರಲಿಲ್ಲ, ಅದನ್ನು ಮಕ್ಕಳಿಗೆ ಮರೆಮಾಚಬಾರದು. ಆದರೆ ಪರಿಣಾಮ ನೋಡಿ. 1890ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಎರಡೂ ಸದನಗಳು ಮಧ್ಯಸ್ಥಿಕೆಯ ಪರವಾಗಿ ನಿರ್ಣಯ ಮಾಡಿದವು. 1893ರಲ್ಲಿ ಹೌಸ್ ಆಫ್ ಕಾಮನ್ಸ್ ಅದಕ್ಕೆ ಓಗೊಟ್ಟಿತು. ಇತ್ತ ಫ್ರಾನ್ಸಿನ ಸಂಸದ ಫ್ರೆಡೆರಿಕ್ ಪಾಸಿ ಅವರೊಡನೆ ಸೇರಿ ಕ್ರೆಮರ್ 1889ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಒಂಬತ್ತು ದೇಶಗಳ ಸಂಸದರ ಸಮ್ಮೇಳನ ನಡೆಸಿದರು. ಇಂದಿನ ಅಂತರ ಸಂಸದೀಯ ಒಕ್ಕೂಟ ಹುಟ್ಟಿದ್ದು ಹಾಗೆ. ಪಾಸಿ 1901ರ ಮೊದಲ ಶಾಂತಿ ನೊಬೆಲ್ ಹಂಚಿಕೊಂಡರು, ಕ್ರೆಮರ್‌ಗೆ 1903ರಲ್ಲಿ ಬಂತು. ಬಹುಮಾನದ ಹಣದ ಬಹುಪಾಲನ್ನು ಆ ಬಡಗಿ ಮಧ್ಯಸ್ಥಿಕೆಯ ಕೆಲಸಕ್ಕೇ ಕೊಟ್ಟುಬಿಟ್ಟರು. ಒಕ್ಕೂಟದಲ್ಲಿ ಈಗ 180ಕ್ಕೂ ಹೆಚ್ಚು ಸಂಸತ್ತುಗಳಿವೆ, ಭಾರತದ್ದೂ ಒಂದು. ವಿಚಿತ್ರವೆಂದರೆ ಕ್ರೆಮರ್ ಹುಡುಕಿಕೊಂಡು ಹೋದ ಅಮೆರಿಕದ ಕಾಂಗ್ರೆಸ್ ಈಗ ಅದರ ಸದಸ್ಯನಲ್ಲ.

ಕಥೆಯ ಉಳಿದ ಭಾಗ ಪಾಠಕ್ಕೆ ಇನ್ನೂ ಉಪಯುಕ್ತ. 1895ರಲ್ಲಿ ವೆನೆಜುವೆಲಾದ ಗಡಿಯ ವಿಷಯಕ್ಕೆ ಬ್ರಿಟನ್ ಮತ್ತು ಅಮೆರಿಕದ ನಡುವೆ ಯುದ್ಧದ ಮಾತು ಎದ್ದು ತಣ್ಣಗಾದ ಮೇಲೆ ಎರಡೂ ಸರ್ಕಾರಗಳು ಮಧ್ಯಸ್ಥಿಕೆಯ ಒಪ್ಪಂದ ಸಿದ್ಧಪಡಿಸಿದವು. 1897ರ ಜನವರಿ 11ರಂದು ಸಹಿ ಬಿತ್ತು. ಆದರೆ ಅಮೆರಿಕದ ಸಂವಿಧಾನದಂತೆ ಅದಕ್ಕೆ ಸೆನೆಟ್ಟಿನಲ್ಲಿ ಹಾಜರಿದ್ದವರ ಮೂರನೇ ಎರಡರಷ್ಟು ಮತ ಬೇಕಿತ್ತು. ಮೇ 5ರಂದು ಪರವಾಗಿ 43, ವಿರುದ್ಧವಾಗಿ 26 ಮತ ಬಿದ್ದವು. ಇಲ್ಲಿ ಸೀಮೆಸುಣ್ಣವನ್ನು ಮಕ್ಕಳ ಕೈಗೆ ಕೊಡಿ. ಒಟ್ಟು 69, ಅದರ ಮೂರನೇ ಎರಡು ಭಾಗ 46. ಮೂರು ಮತ ಸಾಲಲಿಲ್ಲ, ಒಪ್ಪಂದ ಬಿದ್ದುಹೋಯಿತು. ಸಹಿ ಹಾಕಿದ್ದು ಸರ್ಕಾರ, ತಡೆದದ್ದು ಶಾಸಕಾಂಗ. ಬಹುಮತ ಇದ್ದೂ ಸೋತದ್ದು ಹೇಗೆ ಎಂದು ಮಕ್ಕಳು ಬೆರಗಾಗುತ್ತಾರೆ. ಸಂಸದರು ಸಂಸದರನ್ನೇ ಕಂಡು ಮಾತನಾಡುವುದರಲ್ಲಿ ಏನಿದೆ ಎಂಬುದಕ್ಕೆ ಈ ಮೂರು ಮತಗಳು ಸಾಕು.

ಆದರೆ ಪ್ರಶಿಕ್ಷಣಾರ್ಥಿಗಳು ಇಲ್ಲಿ ಜಾಗ್ರತೆ ವಹಿಸಬೇಕು. ಸೆನೆಟ್ಟಿನ ನಿಯಮವನ್ನು ಭಾರತಕ್ಕೆ ಅಂಟಿಸಬಾರದು. ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಹಾಕುವುದು ಕಾರ್ಯಾಂಗದ ಅಧಿಕಾರ. ಅದನ್ನು ಜಾರಿಗೊಳಿಸಲು ಕಾನೂನು ಬೇಕಾದರೆ 253ನೇ ವಿಧಿಯಡಿ ಸಂಸತ್ತು ಅದನ್ನು ಮಾಡುತ್ತದೆ. ವಿದೇಶಾಂಗ ನೀತಿಯ ಪಾಠದಲ್ಲಿ ನಾವು ತಪ್ಪದೆ ಹೇಳುವ 51ನೇ ವಿಧಿಯನ್ನೂ ಇಲ್ಲಿ ಜೋಡಿಸಬಹುದು. ಅಂತರರಾಷ್ಟ್ರೀಯ ವಿವಾದಗಳನ್ನು ಮಧ್ಯಸ್ಥಿಕೆಯಿಂದ ಬಗೆಹರಿಸಲು ಪ್ರೋತ್ಸಾಹಿಸಬೇಕು ಎನ್ನುವ ಅದರ ಅಂಶ ಕ್ರೆಮರ್ ಹೇಳುತ್ತಿದ್ದುದೇ. ಬರೀ ಪಟ್ಟಿಯಾಗಿ ಉರುಹೊಡೆಯುವ ವಿಧಿಗೆ ಹೀಗೆ ಒಂದು ಮುಖ ಸಿಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸಂಸದರು ಹೋದ ಮಾತ್ರಕ್ಕೆ ಅದು ಸಂಸತ್ತಿನ ನಿಯೋಗವಾಗುವುದಿಲ್ಲ. 2025ರ ಮೇ ತಿಂಗಳಲ್ಲಿ ಭಾರತ ಏಳು ಸರ್ವಪಕ್ಷ ನಿಯೋಗಗಳನ್ನು ಹಲವು ದೇಶಗಳಿಗೆ ಕಳುಹಿಸಿತು. ಅವುಗಳಲ್ಲಿ ವಿರೋಧ ಪಕ್ಷದ ಸಂಸದರೂ ಇದ್ದರು, ಕೆಲವದರ ನಾಯಕತ್ವವೂ ಅವರದೇ ಆಗಿತ್ತು. ಆದರೆ ಅವನ್ನು ರಚಿಸಿ ಕಳುಹಿಸಿದ್ದು ಸರ್ಕಾರ. ಹಾಗಾಗಿ ‘ಯಾರು ಬಂದರು’ ಎಂಬುದರ ಜೊತೆಗೆ ‘ಯಾರು ಕಳುಹಿಸಿದರು, ಯಾರು ಕರೆದರು’ ಎಂದು ಕೇಳುವ ಅಭ್ಯಾಸ ಮಾಡಿಸಬೇಕು.

ನಲವತ್ತು ನಿಮಿಷಗಳ ಅವಧಿಯಲ್ಲಿ ಇಷ್ಟನ್ನೂ ತುರುಕುವ ಆಸೆ ಬೇಡ. ಕ್ರೆಮರ್ ಕಥೆ ಮತ್ತು ಮತಗಳ ಲೆಕ್ಕಕ್ಕೆ ಇಪ್ಪತ್ತು ನಿಮಿಷ ಮೀಸಲಿಡಿ. ಅಣಕು ಸದನ ಮಾಡಿಸುವುದಾದರೆ ನಾಲ್ಕು ಮಕ್ಕಳನ್ನು ಅತಿಥಿಗಳಾಗಿ ಕಿಟಕಿಯ ಪಕ್ಕ ಕೂರಿಸಿ, ಕಲಾಪ ಮುಗಿಯುವವರೆಗೆ ಅವರು ಬಾಯಿ ತೆರೆಯಬಾರದು ಎಂದು ನಿಯಮ ಹಾಕಿ. ಮುಗಿದ ಮೇಲೆ ಮೊದಲು ಅವರನ್ನೇ ಮಾತನಾಡಿಸಿ: ಸುಮ್ಮನೆ ಕುಳಿತು ಏನು ಕಂಡಿರಿ? ಮಂತ್ರಿಗೆ ಪ್ರಶ್ನೆ ಹಾಕಿದವರು ಯಾರು, ಮಂತ್ರಿ ಉತ್ತರಿಸಲೇಬೇಕಾಗಿ ಬಂದದ್ದು ಯಾವಾಗ? ಮೌಲ್ಯಮಾಪನಕ್ಕೆ ಬೇರೆ ಪ್ರಶ್ನೆ ಬೇಕಿಲ್ಲ. ಅದೇ ವಾರದ ಪತ್ರಿಕೆಯಿಂದ ವಿದೇಶಿ ಅತಿಥಿಯ ಎರಡು ಚಿತ್ರಗಳನ್ನು ಕತ್ತರಿಸಿ ತಂದು, ಯಾವುದು ಸಂಸತ್ತಿನ ಅತಿಥಿಯದು, ಯಾವುದು ಸರ್ಕಾರದ ಅತಿಥಿಯದು ಎಂದು ಕಾರಣ ಸಹಿತ ಬರೆಯಲು ಹೇಳಿ.